ಪಾಯಿಂಟ್ ಆದ ಮೇಲಿನ ಸೊನ್ನೆಯನ್ನು ಯಾವಾಗ ತೆಗೆಯಬಹುದು?

ರೈಲ್ವೆ ಗ್ರೂಪ್ ಡಿ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದೀರಿ, ದಶಮಾಂಶದ ಸೊನ್ನೆಗಳಲ್ಲೇ ಎಡವುತ್ತಿದ್ದೀರಿ, ಅದಕ್ಕೊಂದು ಶಾರ್ಟ್‌ಕಟ್ ಬೇಕು ಅಂದಿದ್ದೀರಿ. ಬೇಡ. ನನಗೂ ಒಬ್ಬರು ಶಾರ್ಟ್‌ಕಟ್ ಕೊಟ್ಟಿದ್ದರು, ನನ್ನನ್ನು ಮುಳುಗಿಸಿದ್ದು ಅದೇ.

2018ರಲ್ಲಿ ದಾವಣಗೆರೆಯ ದೊಡ್ಡಪ್ಪನ ಮನೆಯಲ್ಲಿದ್ದೆ. ಬೆಳಿಗ್ಗೆ ಕೋಚಿಂಗ್, ಸಂಜೆ ಮಂಡಿಪೇಟೆಯಲ್ಲಿ ಅವರ ಕಿರಾಣಿ ಅಂಗಡಿ. ಕ್ಲಾಸಿನಲ್ಲಿ ಸರ್ ಒಂದು ದಿನ 2.50 ಅಂತ ಬರೆದು, "ಪಾಯಿಂಟ್ ಆದ್ಮೇಲಿನ ಸೊನ್ನೆಗೆ ಬೆಲೆ ಇಲ್ಲ, ಹೊಡೆದು ಹಾಕಿ" ಅಂದರು. 2.50 ಮತ್ತು 2.5 ಒಂದೇ, ಅದು ಸರಿ. ಆದರೆ ನಾನು ನೋಟ್ಸಿನಲ್ಲಿ ಬರೆದುಕೊಂಡಿದ್ದು ಆ ಮಾತನ್ನು ಮಾತ್ರ, ಉದಾಹರಣೆಯನ್ನಲ್ಲ.

ಪರೀಕ್ಷೆಯಲ್ಲಿ ಒಂದು ಉದ್ದನೆಯ ಲೆಕ್ಕ ಬಂತು. ಎಲ್ಲ ಬಿಡಿಸಿ ಕೊನೆಗೆ 8.24 ÷ 8 ಉಳಿಯಿತು. ಇಲ್ಲಿ ನಿಧಾನವಾಗಿ ಓದಿ. 8ರಲ್ಲಿ 8 ಒಂದು ಸಲ, 1 ಬರೆದೆ. ಪಾಯಿಂಟ್ ಇಟ್ಟೆ. 2 ಇಳಿಸಿಕೊಂಡೆ, 2ರಲ್ಲಿ 8 ಹೋಗಲ್ಲ. ಹೋಗಲ್ಲ ಅಂದರೆ ಸೊನ್ನೆ ಸಲ ಹೋಗುತ್ತೆ ಅಂತ, ಮೇಲೆ 0 ಬರೆಯಬೇಕು. ನಾನು ಬರೆಯಲಿಲ್ಲ, ಹೇಗೂ ಬೆಲೆ ಇಲ್ಲದ ಸೊನ್ನೆ ಅಲ್ವಾ! 4 ಇಳಿಸಿಕೊಂಡೆ, 24 ಆಯ್ತು, ಮೂರು ಸಲ. ಉತ್ತರ 1.3. ಆಪ್ಶನ್‌ನಲ್ಲಿ 1.3 ಇತ್ತು, ಖುಷಿಯಿಂದ ಒತ್ತಿದೆ. ಸರಿ ಉತ್ತರ 1.03. ಎಂಟನ್ನು 1.3ರಿಂದ ಗುಣಿಸಿ ನೋಡಿದ್ದರೆ 10.4 ಬರುತ್ತಿತ್ತು, ಹತ್ತು ಸೆಕೆಂಡಿನ ಕೆಲಸ. ಪರೀಕ್ಷೆ ಬರೆಸುವವರಿಗೆ ನಮ್ಮ ಇಂಥ ತಪ್ಪುಗಳು ಚೆನ್ನಾಗಿ ಗೊತ್ತು, ಅದನ್ನೇ ಆಪ್ಶನ್ ಮಾಡಿ ಇಟ್ಟಿರುತ್ತಾರೆ.

ಬರಬೇಕಿದ್ದ 1 ಅಂಕ ಹೋಯಿತು, ಮೇಲೆ ಮೂರನೇ ಒಂದು ಅಂಕ ನೆಗೆಟಿವ್. ಒಟ್ಟು 1.33. ಕಟಾಫ್‌ಗೆ, ಅಂದರೆ ಆಯ್ಕೆಗೆ ಬೇಕಾದ ಕನಿಷ್ಠ ಅಂಕಕ್ಕೆ, ಕಮ್ಮಿ ಬಿದ್ದಿದ್ದು ಒಂದು ಅಂಕವೂ ಇಲ್ಲ. ನಾರ್ಮಲೈಸೇಶನ್ ಇರುತ್ತೆ, ಅಂದರೆ ಬೇರೆ ಬೇರೆ ಪಾಳಿಯಲ್ಲಿ ಬರೆದವರ ಅಂಕಗಳನ್ನು ಸರಿದೂಗಿಸುತ್ತಾರೆ, ಹಾಗೆಲ್ಲ ನೇರವಾಗಿ ಕೂಡಿಸೋಕೆ ಆಗಲ್ಲ ಅಂತ ಗೆಳೆಯ ಸಮಾಧಾನ ಹೇಳಿದ. ನಿದ್ದೆಯಂತೂ ಬರಲಿಲ್ಲ.

ಹೊಟ್ಟೆ ಉರಿದಿದ್ದು ಬೇರೆ ಕಾರಣಕ್ಕೆ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಬೆಲ್ಲ ತೂಗಿದಾಗ 1.050 ಅಂತ ಬಂದರೆ ಒಂದು ಕೆಜಿ ಐವತ್ತು ಗ್ರಾಂ ಅಂತ ದಿನಾ ಓದುತ್ತಿದ್ದವನು ನಾನೇ. ಅದನ್ನು ಒಂದೂವರೆ ಕೆಜಿ ಅಂತ ಓದಿ ದುಡ್ಡು ಕೇಳಿದ್ದರೆ ಗಿರಾಕಿ ಬಿಡುತ್ತಿದ್ದನಾ? ವಿಷಯ ಕೇಳಿ ದೊಡ್ಡಪ್ಪ, "ಅಂಗಡ್ಯಾಗ ಒಂದಿನಾನೂ ತಪ್ಪಿಲ್ಲಲ್ಲೋ ನೀನು" ಅಂದರು, ಅಷ್ಟೇ.

ಹಾಗಾಗಿ ಸೊನ್ನೆ ತೆಗೆಯೋ ರೂಲ್ ಹುಡುಕಬೇಡಿ. ಜಾಗ ನೋಡಿ. ಪಾಯಿಂಟ್ ಆದ ತಕ್ಷಣ ದಶಾಂಶದ ಜಾಗ, ಆಮೇಲೆ ಶತಾಂಶ, ಆಮೇಲೆ ಸಹಸ್ರಾಂಶ. ನಡುವಿನ ಸೊನ್ನೆ ಬಸ್ಸಿನ ಸೀಟಿಗೆ ಹಾಕಿದ ಟವಲ್ ಇದ್ದ ಹಾಗೆ. 1.03ರಲ್ಲಿ ಅದನ್ನು ತೆಗೆದರೆ ಹಿಂದಿನ ಸೀಟಿನ 3 ಬಂದು ಮುಂದೆ ಕೂರುತ್ತೆ, ಆ 3ರ ಬೆಲೆ ಹತ್ತು ಪಟ್ಟು ಆಗುತ್ತೆ. ಅದರ ಹಿಂದೆ ಯಾರೂ ಇಲ್ಲದಿದ್ದರೆ, ಅಂದರೆ 2.50ರ ಥರ, ಟವಲ್ ಇದ್ದರೂ ಅಷ್ಟೇ, ತೆಗೆದರೂ ಅಷ್ಟೇ. ಕೆಲವು ಕಡೆ ನಾವೇ ಬೇಕಂತ ಹಾಕಬೇಕು. 0.8 ದೊಡ್ಡದಾ 0.125 ದೊಡ್ಡದಾ ಅಂತ ಕೇಳಿದರೆ 0.800 ಮಾಡಿಕೊಳ್ಳಿ. 800 ಗ್ರಾಂ, 125 ಗ್ರಾಂ, ಮುಗೀತು. ಪಾಯಿಂಟೇ ಇಲ್ಲದ 20ರ ಸೊನ್ನೆಯನ್ನು ಮಾತ್ರ ಮುಟ್ಟಬೇಡಿ.

ನೀವು ಕೇಳಿದ 0.4 × 0.2 ಲೆಕ್ಕಕ್ಕೆ ಉತ್ತರ 0.8 ಅಲ್ಲ, 0.08. 0.4 ಕೆಜಿ ಅಂದರೆ 400 ಗ್ರಾಂ, 0.2 ಅಂದರೆ ಐದನೇ ಒಂದು ಭಾಗ. 400 ಗ್ರಾಂ ಬೆಲ್ಲದಲ್ಲಿ ಐದನೇ ಒಂದು ಭಾಗ ಅಂದರೆ 80 ಗ್ರಾಂ. ತಕ್ಕಡಿ 0.080 ತೋರಿಸುತ್ತೆ. ಕೊನೆಯ ಸೊನ್ನೆ ಬೇಕಾದರೆ ತೆಗೆಯಿರಿ, ಪಾಯಿಂಟ್ ಮತ್ತು 8ರ ನಡುವಿನದು ಅಲ್ಲೇ ಇರಲಿ.