ಮನೆಯಲ್ಲಿ ಬರುವ ಲೆಕ್ಕ ಪರೀಕ್ಷೆಯಲ್ಲಿ ಬರಲ್ಲ

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿ. ಮನೆಯಲ್ಲಿ ಗಣಿತ ಚೆನ್ನಾಗಿಯೇ ಬರುತ್ತದೆ, ಪರೀಕ್ಷೆಯಲ್ಲಿ ಮಾತ್ರ ಅರ್ಧಕ್ಕೇ ನಿಂತುಹೋಗುತ್ತೇನೆ. ಏನು ಮಾಡಲಿ?
– ಒಬ್ಬ ವಿದ್ಯಾರ್ಥಿನಿ, ಹಾಸನ

ಉತ್ತರ: ಮನೆಯಲ್ಲಿ ಬಿಡಿಸಿದ ಲೆಕ್ಕವನ್ನು ನೋಡ್ತಾ ನೋಡ್ತಾ ‘ಹೌದು, ಗೊತ್ತು’ ಅಂದುಕೊಳ್ಳುತ್ತೀರಿ, ಅಲ್ವಾ? ಅದು ಓದಿದಂತೆ ಅನಿಸುತ್ತದೆ ಅಷ್ಟೇ. ಪುಸ್ತಕ ಮುಚ್ಚಿ, ಬಿಳಿ ಹಾಳೆಯ ಮೇಲೆ ಅದೇ ಲೆಕ್ಕ ಮಾಡಿ. ಎಲ್ಲಿ ಪೆನ್ನು ನಿಲ್ಲುತ್ತದೋ ಆ ಹೆಜ್ಜೆಗೆ ಗುರುತು ಹಾಕಿ, ಎರಡು ದಿನ ಬಿಟ್ಟು ಮತ್ತೆ ಮಾಡಿ. ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ, ಇದನ್ನು ಮಾತ್ರ ತಪ್ಪಿಸಬೇಡಿ.

ಪರೀಕ್ಷೆಯಲ್ಲಿ ಓದಲು ಕೊಡುವ 15 ನಿಮಿಷದಲ್ಲಿ ನಿಮಗೆ ಖಂಡಿತ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಗುರುತಿಸಿ, ಅವನ್ನೇ ಮೊದಲು ಬರೆಯಿರಿ. ಉಳಿದ 3 ಗಂಟೆಯಲ್ಲಿ 80 ಅಂಕಕ್ಕೆ ಬರೆಯಬೇಕು. ಅಂಕಕ್ಕೆ ಎರಡು ನಿಮಿಷ ಇಟ್ಟುಕೊಂಡರೂ 20 ನಿಮಿಷ ಮಿಗುತ್ತದೆ. ತ್ರಿಭುಜದ ಬಾಹುಗಳ ಅನುಪಾತ ಹೇಳುವ ಥೇಲ್ಸ್ ಪ್ರಮೇಯದ ಸಾಧನೆ ಪೂರ್ತಿ ನೆನಪಾಗದಿದ್ದರೂ ಜಾಗ ಸುಮ್ನೆ ಖಾಲಿ ಬಿಡಬೇಡಿ. ಚಿತ್ರ, ದತ್ತ (ಕೊಟ್ಟಿರುವುದು), ಸಾಧನೀಯ (ಸಾಧಿಸಬೇಕಾದದ್ದು), ರಚನೆ (ಚಿತ್ರದಲ್ಲಿ ಹೊಸದಾಗಿ ಎಳೆಯುವ ಗೆರೆ) ಇಷ್ಟು ಬರೆದರೂ ಆ ಹೆಜ್ಜೆಗಳಿಗೆ ಅಂಕ ಸಿಗುತ್ತದೆ.