ಹತ್ತಿರದ ದಾರಿಗೂ ಹೆಲ್ಮೆಟ್ ಬೇಕಾ, ಹಿಂದೆ ಕೂರೋರಿಗೂ ಬೇಕಾ, ಹಳೇದು ನಡೆಯುತ್ತಾ: ನನ್ನ ಉತ್ತರ

ಸರ್, ನೀವು ಕೇಳಿರೋದು ಮೂರು ವಿಷಯ. ಎರಡು ಕಿಲೋಮೀಟರ್ ಒಳಗೆ ಹೋಗಿಬರೋಕೂ ಹೆಲ್ಮೆಟ್ ಬೇಕಾ, ಹಿಂದೆ ಕೂರೋ ಮನೆಯವರಿಗೂ ಬೇಕಾ, ಸ್ನೇಹಿತರು ಕೊಡ್ತೀನಿ ಅಂದಿರೋ ಹಳೇ ಹೆಲ್ಮೆಟ್ ತಗೋಬಹುದಾ ಅಂತ. ಮೇಲಿನ ಕಾಮೆಂಟಲ್ಲಿ ಇಬ್ಬರು "ದಂಡ ತಪ್ಪೋಕೆ ತಲೆ ಮೇಲೆ ಏನೋ ಒಂದು ಇದ್ರೆ ಸಾಕು" ಅಂತ ಬರೆದಿದಾರೆ, ದಯವಿಟ್ಟು ಆ ಮಾತು ಕೇಳ್ಬೇಡಿ.

ಮೊದಲು ಹತ್ತಿರದ ದಾರಿ. ಅಮೆರಿಕದ ಲಾಸ್ ಏಂಜಲಿಸ್ ಸುತ್ತಮುತ್ತ ಸುಮಾರು 900 ಬೈಕ್ ಅಪಘಾತಗಳನ್ನ ಜಾಗಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ಒಂದು ವರದಿ ಬಂತು, ಹರ್ಟ್ ರಿಪೋರ್ಟ್ ಅಂತಾರೆ. ಅದ್ರಲ್ಲಿ ಕಂಡಿದ್ದೇನಂದ್ರೆ ಹೆಚ್ಚಿನ ಅಪಘಾತ ಆಗಿರೋದು ಸಣ್ಣಪುಟ್ಟ ಕೆಲಸಕ್ಕೆ ಅಂತ ಹೊರಟಾಗ, ಅದೂ ಹೊರಟ ಜಾಗದಿಂದ ಸ್ವಲ್ಪ ದೂರದಲ್ಲೇ. ಡಿಕ್ಕಿ ಆದ ಕ್ಷಣದ ವೇಗದ ಮಧ್ಯಮ ಅಂಕಿ ನೋಡಿದ್ರೆ ಗಂಟೆಗೆ ಸುಮಾರು 35 ಕಿಲೋಮೀಟರ್ ಅಷ್ಟೇ. ನಾವು "ನಿಧಾನ ಹೋಗ್ತೀನಿ, ಏನಾಗಲ್ಲ" ಅಂತೀವಲ್ಲ, ಆ ವೇಗಾನೇ ಇದು. ಹಾಗಾಗಿ ಹತ್ತಿರ ದೂರ ಅನ್ನೋ ಲೆಕ್ಕಾನೇ ಬಿಟ್ಬಿಡಿ, ಕೀ ತಿರುಗಿಸೋ ಮುಂಚೆ ಸ್ಟ್ರಾಪ್ ಲಾಕ್ ಆಗಿರ್ಬೇಕು.

ಸರ್ಕಾರ ದುಡ್ಡು ಮಾಡೋಕೆ ಈ ರೂಲ್ ತಂದಿದ್ದು ಅಂತ ಒಬ್ಬರು ಹೇಳಿದಾರೆ, ಅದಕ್ಕೂ ಒಂದು ಮಾತು ಹೇಳ್ಬೇಕು. 1935ರಲ್ಲಿ ಲಾರೆನ್ಸ್ ಆಫ್ ಅರೇಬಿಯಾ ಅಂತ ಹೆಸರಾಗಿದ್ದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ ಬೈಕಿಂದ ಬಿದ್ದು ತಲೆಗೆ ಪೆಟ್ಟಾಗಿ ಕೆಲವೇ ದಿನಕ್ಕೆ ತೀರಿಕೊಂಡ್ರು. ಅವರನ್ನ ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅನ್ನೋ ಮೆದುಳಿನ ಸರ್ಜನ್ ಒಬ್ಬರು. ಆಮೇಲೆ ಅವರು ಬೈಕ್ ಸವಾರರ ತಲೆ ಗಾಯಗಳನ್ನೇ ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದ್ರು, ಅದೇ ವರ್ಷ ಬ್ರಿಟಿಷ್ ಸೈನ್ಯದಲ್ಲಿ ಸಂದೇಶ ಒಯ್ಯೋ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಆಯ್ತು. ಸಾಮಾನ್ಯ ಜನಕ್ಕೆ ಕಾನೂನು ಬರೋಕೆ ಇನ್ನೂ ಇಪ್ಪತ್ತು ವರ್ಷ ಹಿಡೀತು, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1961, ಬ್ರಿಟನ್‌ನಲ್ಲಂತೂ 1973. ಅಂದ್ರೆ ಈ ಕಾನೂನು ಹುಟ್ಟಿದ್ದು ಆಪರೇಷನ್ ಥಿಯೇಟರಲ್ಲಿ. ಹೆಲ್ಮೆಟ್ ಹಾಕಿದ್ರೆ ತಲೆ ಗಾಯದ ಅಪಾಯ ಸುಮಾರು 69%, ಸಾವಿನ ಅಪಾಯ ಸುಮಾರು 42% ಕಡಿಮೆ ಆಗುತ್ತೆ ಅಂತ ಹತ್ತಾರು ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡಿದ, ಕಾಕ್ರೇನ್ ಅನ್ನೋ ವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಮರ್ಶೆ ಹೇಳುತ್ತೆ.

ಹಿಂದೆ ಕೂರೋರಿಗೂ ಬೇಕೇ ಬೇಕು. ಬಹಳಷ್ಟು ದೇಶದಲ್ಲಿ ಕಾನೂನು ಇಬ್ಬರಿಗೂ ಒಂದೇ. ಕಾನೂನು ಬಿಡಿ, ಯೋಚನೆ ಮಾಡಿ ನೋಡಿ, ಓಡಿಸೋರಿಗೆ ಮುಂದೆ ಏನು ಬರ್ತಿದೆ ಗೊತ್ತಿರುತ್ತೆ, ಕೈಲಿ ಹ್ಯಾಂಡಲ್ ಇರುತ್ತೆ, ಹಿಂದಿರೋರಿಗೆ ಎರಡೂ ಇಲ್ಲ, ಏನಾಯ್ತು ಅಂತ ತಿಳಿಯೋ ಮುಂಚೆನೇ ಬಿದ್ದಿರ್ತಾರೆ. ಒಂದೇ ಒಳ್ಳೆ ಹೆಲ್ಮೆಟ್ ತಗೊಂಡು ಹಿಂದಿನವರಿಗೆ ತೆಳ್ಳನೆ ಟೋಪಿ ಥರದ್ದು ಕೊಡೋದು ನೋಡಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ. ಇನ್ನೊಂದು, ಇಬ್ಬರೂ ಫುಟ್‌ರೆಸ್ಟ್ ಮೇಲೆ ಕಾಲಿಡಿ, ಶಾಲು, ಸಡಿಲ ಬಟ್ಟೆ ತುದಿ ಚಕ್ರದ ಕಡೆ ಹೋಗದ ಹಾಗೆ ಒಳಗೆ ಸಿಕ್ಕಿಸ್ಕೊಳ್ಳಿ.

ಈಗ ಹಳೇ ಹೆಲ್ಮೆಟ್. ಬೇಡ ಅಂತೀನಿ. ಹೊರಗಿನ ಗಟ್ಟಿ ಚಿಪ್ಪು ನೋಡಿ ನಾವು ಮೋಸ ಹೋಗ್ತೀವಿ, ನಿಜವಾದ ಕೆಲಸ ಮಾಡೋದು ಒಳಗಿರೋ ಥರ್ಮಾಕೋಲ್ ಪದರ. ಪೆಟ್ಟು ಬಿದ್ದಾಗ ಅದು ಅಮುಕಿಕೊಂಡು, ತಲೆ ಒಂದೇ ಏಟಿಗೆ ನಿಂತುಬಿಡದ ಹಾಗೆ ಸ್ವಲ್ಪ ಹೆಚ್ಚು ಸಮಯ ಕೊಡುತ್ತೆ, ಮಿದುಳಿಗೆ ಬೀಳೋ ಜರ್ಕ್ ಕಡಿಮೆ ಆಗೋದು ಹಂಗೆ. ಆದ್ರೆ ಒಂದ್ಸಲ ಅಮುಕಿದ ಜಾಗ ಮತ್ತೆ ಮೊದಲಿನಂತೆ ಆಗಲ್ಲ, ಹೊರಗಿಂದ ಒಂದು ಗೀರೂ ಕಾಣದೆ ಇರಬಹುದು. ಬೇರೆಯವರ ಹೆಲ್ಮೆಟ್ ಯಾವಾಗ ಬಿದ್ದಿತ್ತು ಅಂತ ಯಾರಿಗೆ ಗೊತ್ತು? ಪೆಟ್ಟೇ ಬೀಳದಿದ್ರೂ ಬೆವರು, ಬಿಸಿಲಿಗೆ ಒಳಗಿನ ಫೋಮ್, ಅಂಟು ಎಲ್ಲ ಸವೆಯುತ್ತೆ, ಅದಕ್ಕೇ ಸಾಮಾನ್ಯವಾಗಿ ಐದು ವರ್ಷಕ್ಕೆ ಬದಲಾಯಿಸಿ ಅಂತಾರೆ.

ಹೊಸದು ತಗೊಳ್ಳುವಾಗ ಪ್ರಮಾಣಪತ್ರದ ಗುರುತು ನೋಡಿ, ಯುರೋಪಿನ ಇಸಿಇ 22.06, ಅಮೆರಿಕದ ಡಾಟ್, ಭಾರತದ ಐಎಸ್‌ಐ, ಹೀಗೆ ಒಂದೊಂದು ಕಡೆ ಒಂದೊಂದು, ನೀವು ಓಡಿಸೋ ಜಾಗದ ಕಾನೂನು ಒಪ್ಪೋದೇ ಇರಲಿ. ಆದ್ರೆ ಗುರುತಿಗಿಂತ ಫಿಟಿಂಗ್ ಬಗ್ಗೆ ನನಗೆ ಹೆಚ್ಚು ಹೇಳೋಕಿದೆ. ಹುಬ್ಬಿನ ಸ್ವಲ್ಪ ಮೇಲೆ ತಲೆ ಸುತ್ತ ಟೇಪ್ ಹಿಡಿದು ಅಳತೆ ತಗೊಳ್ಳಿ. ಹಾಕ್ಕೊಂಡಾಗ ಕೆನ್ನೆ ಸ್ವಲ್ಪ ಒತ್ತಬೇಕು, ಹಣೆ ನೋಯಬಾರ್ದು. ಹೆಲ್ಮೆಟ್ ಹಿಡಿದು ಆಕಡೆ ಈಕಡೆ ತಿರುಗಿಸಿದ್ರೆ ಮುಖದ ಚರ್ಮಾನೂ ಜೊತೆಗೇ ಎಳೀಬೇಕು, ಹೆಲ್ಮೆಟ್ ಒಂದೇ ತಿರುಗಿದ್ರೆ ದೊಡ್ಡದಾಯ್ತು. ಸ್ಟ್ರಾಪ್ ಹಾಕಿ, ಹಿಂದಿನ ಅಂಚಿಗೆ ಕೈ ಹಾಕಿ ಮುಂದಕ್ಕೆ ತಳ್ಳಿ ನೋಡಿ, ಕಳಚಿ ಬಂದ್ರೆ ಅದು ಬೇಡ. ಸ್ಟ್ರಾಪ್ ಒಳಗೆ ಎರಡು ಬೆರಳಿಗಿಂತ ಹೆಚ್ಚು ಜಾಗ ಬೇಡ. ಸ್ಟ್ರಾಪ್ ಹಾಕದ ಹೆಲ್ಮೆಟ್ ಡಿಕ್ಕಿ ಆದಾಗ ತಲೆಗೆ ಪೆಟ್ಟು ಬೀಳೋ ಮುಂಚೆನೇ ಹಾರಿಹೋಗಬಹುದು. ಗದ್ದ ಮುಚ್ಚೋ ಫುಲ್ ಫೇಸ್ ತಗೊಳ್ಳಿ ಅಂತ ನನ್ನ ಒತ್ತಾಯ, ಪೆಟ್ಟು ನೆತ್ತಿಗೆ ಮಾತ್ರ ಬೀಳಲ್ಲ, ಮುಖಕ್ಕೂ ಗದ್ದಕ್ಕೂ ಬೀಳೋದು ಬಹಳ.

ನೀವು ಕೇಳದೆ ಇರೋ ಇನ್ನೊಂದು ವಿಷಯ ಬ್ರೇಕ್. ಗಂಟೆಗೆ 60 ಕಿಲೋಮೀಟರಲ್ಲಿ ಹೋಗ್ತಿದ್ರೆ ಒಂದು ಸೆಕೆಂಡಿಗೆ ಹೆಚ್ಚುಕಮ್ಮಿ 17 ಮೀಟರ್ ಮುಂದೆ ಹೋಗಿರ್ತೀವಿ, ಬ್ರೇಕ್ ಮುಟ್ಟೋ ಮುಂಚೆನೇ. ಆಮೇಲೆ ಎರಡೂ ಬ್ರೇಕ್ ಚೆನ್ನಾಗಿ ಹಿಡಿದ್ರೆ ಒಣ ರಸ್ತೆಲಿ ಇನ್ನೊಂದು 20 ಮೀಟರಲ್ಲಿ ನಿಲ್ಲುತ್ತೆ, ಹಿಂದಿನ ಬ್ರೇಕ್ ಮಾತ್ರ ತುಳಿದ್ರೆ ಅದರ ಎರಡರಷ್ಟು ಬೇಕಾಗಬಹುದು. ಮುಂದಿನ ಬ್ರೇಕ್ ಅಂದ್ರೆ ಹೆದರಿಕೆ ಇಟ್ಕೊಂಡಿರೋರು ತುಂಬ ಜನ ಇದಾರೆ, ಖಾಲಿ ಜಾಗದಲ್ಲಿ ಹ್ಯಾಂಡಲ್ ನೇರ ಇಟ್ಕೊಂಡು, ಮೆಲ್ಲಗೆ ಶುರು ಮಾಡಿ ಜಾಸ್ತಿ ಮಾಡ್ತಾ ಅಭ್ಯಾಸ ಮಾಡಿ, ಒಮ್ಮೆಲೇ ಕಿತ್ತು ಹಿಡೀಬೇಡಿ. ಬ್ರೇಕ್ ಜೋರಾಗಿ ಹಿಡಿದಾಗ ಚಕ್ರ ಲಾಕ್ ಆಗಿ ಜಾರದ ಹಾಗೆ ತಡೆಯೋ ಎಬಿಎಸ್ ಇರೋ ಬೈಕ್ ಸಿಕ್ಕರೆ ಅದನ್ನೇ ನೋಡಿ.

ಹಾಗೇ ಹಗಲಲ್ಲೂ ಹೆಡ್‌ಲೈಟ್ ಉರೀತಿರ್ಲಿ. ಕ್ರಾಸಲ್ಲಿ ಕಾರಿನವರು ನಮ್ಮನ್ನ ನೋಡದೆ ಅಡ್ಡ ತಿರುಗಿಸೋದೇ ಮಾಮೂಲಿ ಅಪಘಾತ, ಹರ್ಟ್ ವರದಿಲೂ ಬೇರೆ ವಾಹನದ ಜೊತೆ ಆದ ಡಿಕ್ಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಆ ಇನ್ನೊಂದು ವಾಹನದವರದೇ ತಪ್ಪು. ಕಾರಿನವರು ನಮ್ಮ ಕಡೆ ನೋಡಿದ ಹಾಗೆ ಕಂಡ್ರೂ ನಂಬಬೇಡಿ, ಚಕ್ರ ತಿರುಗ್ತಿದೆಯಾ ನೋಡಿ, ಬೆರಳು ಬ್ರೇಕ್ ಮೇಲಿರ್ಲಿ.

ಇಬ್ಬರದ್ದೂ ತಲೆ ಸುತ್ತಳತೆ ಸೆಂಟಿಮೀಟರಲ್ಲಿ ಇಲ್ಲೇ ಹಾಕಿ, ಯಾವ ಸೈಜಿಂದ ಹಾಕಿ ನೋಡೋಕೆ ಶುರು ಮಾಡ್ಬೇಕು ಅಂತ ಹೇಳ್ತೀನಿ.