ಬೆಳಿಗ್ಗೆ ಜಗಲಿಯಲ್ಲಿ ಸಂಶೋಧಕಿ, ಮಧ್ಯಾಹ್ನ ಅಡುಗೆಮನೆಯಲ್ಲಿ ಮನೆ ಮಗಳು

ನಮ್ಮದೇ ಧರ್ಮದವರ ಬಗ್ಗೆ ಪಿಎಚ್‌ಡಿ ಮಾಡುವಾಗ ಸಂಶೋಧಕರಾಗಿ ಇರಬೇಕೋ, ಅವರಲ್ಲಿ ಒಬ್ಬರಾಗಿ ಇರಬೇಕೋ ಅಂತ ಕೇಳಿದ್ದೀರಿ. ಅದು ನಿಮ್ಮ ಕೈಯಲ್ಲೇ ಇಲ್ಲ. ಎದುರಿಗೆ ಕೂತವರು ತೀರ್ಮಾನ ಮಾಡುತ್ತಾರೆ.

ನಾನು ತುಮಕೂರಿನವಳು, ನೊಣಬ ಲಿಂಗಾಯತರ ಮನೆ. ನಮ್ಮ ಕಡೆ ಮನೆಗಳಲ್ಲಿ, ಮೈಮೇಲೆ ಧರಿಸುವ ಇಷ್ಟಲಿಂಗದ ಪೂಜೆ ಮೂರು ತಲೆಮಾರಲ್ಲಿ ಹೇಗೆ ಬದಲಾಗಿದೆ ಅನ್ನೋದು ನನ್ನ ವಿಷಯ. ಊರು ಸುತ್ತಲು ಶುರು ಮಾಡಿದ್ದು 2018ರಲ್ಲಿ. ಆ ಮಾರ್ಚ್‌ನಲ್ಲಷ್ಟೇ ರಾಜ್ಯ ಸರ್ಕಾರ ನಾಗಮೋಹನ್ ದಾಸ್ ಸಮಿತಿಯ ವರದಿ ಒಪ್ಪಿ, ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಿ ಅನ್ನೋ ಶಿಫಾರಸನ್ನು ಕೇಂದ್ರಕ್ಕೆ ಕಳಿಸಿತ್ತು. ಜಗಲಿ ಹತ್ತಿದ ಕೂಡಲೇ ಮನೆಯವರ ಪ್ರಶ್ನೆ, "ನೀನು ಲಿಂಗಾಯತ ಅನ್ನೋ ಕಡೆಯೋ, ವೀರಶೈವ ಅನ್ನೋ ಕಡೆಯೋ?" ನಾನು ಪ್ರಶ್ನಾವಳಿ ತೆಗೆಯುವಷ್ಟರಲ್ಲಿ ನನ್ನ ವಂಶದ ಬೆಡಗು, ಅಜ್ಜನ ಊರು, ಯಾವ ಮಠದ ಒಕ್ಕಲು, ಎಲ್ಲ ಕೇಳಿ ಮುಗಿಸಿರುತ್ತಿದ್ದರು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಗೆ ಹೋದಾಗ ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದಿದ್ದರು. ಊರಿನವರಿಗೆ ಮಾತ್ರ ಅವರು ಬ್ರಾಹ್ಮಣರು. ಸ್ನಾನ ಆದ ಮೇಲೆ ಗಡ್ಡ ಹೆರೆದುಕೊಂಡಿದ್ದಕ್ಕೂ, ಬ್ರಾಹ್ಮಣರು ಹಾಗೆ ಮಾಡಬಾರದು ಅಂತ ಬುದ್ಧಿ ಹೇಳಿದ್ದರಂತೆ.

ನಾನು ತಪ್ಪಿದ್ದು ಬೇರೆ ಕಡೆ. ಒಂದು ಊರಲ್ಲಿ ಒಬ್ಬ ಅಜ್ಜಿ. ಬೆಳಿಗ್ಗೆ ಜಗಲಿ ಮೇಲೆ ಒಪ್ಪಿಗೆ ಪತ್ರ ಓದಿ ಹೇಳಿದೆ, ಹೆಬ್ಬೆಟ್ಟು ಒತ್ತಿದರು. ಮಧ್ಯಾಹ್ನ ರೆಕಾರ್ಡರ್ ಬ್ಯಾಗಿಗೆ ಹಾಕಿ ಅಡುಗೆಮನೆಗೆ ಹೋದೆ. ಅಜ್ಜಿ ಮುದ್ದೆ ತೊಳಸುತ್ತಿದ್ದರು, ನಾನು ಅವರೆಕಾಯಿ ಸುಲಿಯುತ್ತಾ ಕೂತೆ. ಊಟ ಆದ ಮೇಲೆ ಕೊರಳಿನ ಕರಡಿಗೆ, ಅಂದರೆ ಇಷ್ಟಲಿಂಗ ಇಡುವ ಡಬ್ಬಿ, ಬಿಚ್ಚಿ ತೋರಿಸಿದರು. ಬೆಳ್ಳಿ ಸವೆದು ನುಣ್ಣಗಾಗಿತ್ತು. ಅದನ್ನು ಕಟ್ಟಿದ್ದ ಶಿವದಾರಕ್ಕೆ ಹೊಸದಾಗಿ ಗಂಟು ಬಿದ್ದಿತ್ತು. ಆ ಲಿಂಗದ ಬಗ್ಗೆ ಒಂದು ಮಾತು ಹೇಳಿದರು, ಸೊಸೆಗೂ ಗೊತ್ತಿಲ್ಲದ್ದು. ಏನು ಅಂತ ಇಲ್ಲಿ ಬರೆಯಲ್ಲ. ಒಂದು ಸಲ ಬರೆದಿದ್ದೇ ಜಾಸ್ತಿ ಆಯಿತು.

ರಾತ್ರಿ ನೋಟ್‌ಬುಕ್‌ಗೆ ಇಳಿಸಿದೆ. ಆಮೇಲೆ ಮೂರನೇ ಅಧ್ಯಾಯಕ್ಕೆ ಹಾಕಿದೆ. ಹೆಸರು ಬದಲಿಸಿದ್ದೆ, ಒಪ್ಪಿಗೆ ಪತ್ರ ಫೈಲ್‌ನಲ್ಲಿತ್ತು, ಸಾಕು ಅಂದುಕೊಂಡೆ. ಆದರೆ ಮನೆ ಎದುರಿನ ಮರ, ಮಕ್ಕಳ ಕೆಲಸ ಎಲ್ಲ ಇದ್ದ ಹಾಗೇ ಇತ್ತು. ಹಳ್ಳಿಯಲ್ಲಿ ಗುರುತು ಹಿಡಿಯೋಕೆ ಅಷ್ಟು ಸಾಕಲ್ವಾ? ಇನ್ನೂ ದೊಡ್ಡದು, ಆ ಹೆಬ್ಬೆಟ್ಟು ಬಿದ್ದಿದ್ದು ಬೆಳಗಿನ ಮಾತಿಗೆ. ಯೂನಿವರ್ಸಿಟಿ ಹುಡುಗಿಗೆ ಹೇಳಿದ್ದಕ್ಕೆ. ಮಧ್ಯಾಹ್ನ ಅವರು ಹೇಳಿದ್ದು ನಮ್ಮವರ ಮನೆ ಮಗಳಿಗೆ. ಬೇರೆಯವಳಾಗಿದ್ದರೆ ಕರಡಿಗೆ ಬಿಚ್ಚುತ್ತಲೇ ಇರಲಿಲ್ಲ. ನಮ್ಮವಳು ಅಂತ ಸಿಕ್ಕಿದ್ದನ್ನು ತಂದು, ಬರೆಯಲು ಕೂತಾಗ ಸಂಶೋಧಕಿ ಆಗಿಬಿಟ್ಟೆ.

ಡಿಗ್ರಿ ಬಂದಾಗ ನಮ್ಮ ಮಾವ ಖುಷಿಗೆ ಆ ಅಧ್ಯಾಯ ಜೆರಾಕ್ಸ್ ಮಾಡಿಸಿ ನೆಂಟರಿಗೆಲ್ಲ ಕೊಟ್ಟರು. ಅದು ಅಜ್ಜಿಯ ಊರಿಗೂ ಹೋಯಿತು. ಕ್ಷಮೆ ಕೇಳಲು ಹೋದೆ. ಅಜ್ಜಿ ಬೈಯಲಿಲ್ಲ. ಜಗಲಿಗೆ ಕುರ್ಚಿ ಹಾಕಿಸಿದರು, ಸೊಸೆ ಕೈಲಿ ಕಾಫಿ ಕಳಿಸಿದರು. ಒಳಗೆ ಬಾ ಅನ್ನಲಿಲ್ಲ.

ನಿಮ್ಮ ಗೈಡ್, ಮೊದಲ ಅಧ್ಯಾಯದಲ್ಲಿ 'ನಾನೂ ಇದೇ ಸಮುದಾಯಕ್ಕೆ ಸೇರಿದ್ದೇನೆ' ಅಂತ ಒಂದು ಪ್ಯಾರಾ ಹಾಕಿ ಅನ್ನಬಹುದು. ಹಾಕಿ. ಅದು ಪರೀಕ್ಷಕರಿಗೆ ಬೇಕು, ಅಂಥ ಅಜ್ಜಿಯರಿಗೆ ಅದರಿಂದ ಏನೂ ಆಗಲ್ಲ. ರೆಕಾರ್ಡರ್ ಆಫ್ ಆದ ಮೇಲೆ ಕೇಳಿದ್ದಕ್ಕೆ ಬೇರೆ ನೋಟ್‌ಬುಕ್ ಇಡಿ. ಅದರಲ್ಲಿ ಒಂದು ಸಾಲು ಬೇಕಾದರೂ ವಾಪಸ್ ಹೋಗಿ, ಬರೆದಿದ್ದನ್ನು ಅವರಿಗೆ ಓದಿ ಹೇಳಿ. ನಾನು ಓದಿ ಹೇಳಿದ್ದರೆ ಅಜ್ಜಿ "ಅದೊಂದು ತೆಗೆದುಬಿಡವ್ವ" ಅಂತಿದ್ದರು. ಪ್ರಬಂಧದಲ್ಲಿ ಅರ್ಧ ಪುಟ ಕಡಿಮೆ ಆಗುತ್ತಿತ್ತು.